ಉತ್ತರ ಬಂತಾ? ತಿರುಗಿಸಿ ನೋಡಿ

ಕೇಳುಗರಿಗೆ ನಮಸ್ಕಾರ. ಮಂಜೇಶ್ವರ, ಕುಂಬಳೆ, ಬದಿಯಡ್ಕದ ಕಡೆ ಪ್ಲಸ್ ಟು ಪುಸ್ತಕ ಬಿಡಿಸಿ ಕೂತ ಮಕ್ಕಳೇ, ಇವತ್ತು ನನ್ನ ಮಾತು ನಿಮ್ಮ ಜೊತೆಗೇ. ಹತ್ತರವರೆಗೆ ಕನ್ನಡದಲ್ಲಿ ಲೆಕ್ಕ ಕಲಿತವರಿಗೆ ಇಂಟಿಗ್ರೇಶನ್ ಅಂದರೆ ಹೆದರಿಕೆ. ಡಿಫರೆನ್ಷಿಯೇಶನ್ ಗೊತ್ತುಂಟಲ್ವಾ, ಪವರಿನಿಂದ ಗುಣಿಸಿ ಪವರನ್ನು ಒಂದು ಇಳಿಸುವುದು? ಅದನ್ನೇ ಹಿಂದಕ್ಕೆ ನಡೆಸುವುದು, ಅಷ್ಟೇ. ಪವರನ್ನು ಒಂದು ಹೆಚ್ಚಿಸಿ, ಆ ಹೊಸ ಪವರಿನಿಂದ ಭಾಗಿಸಿ. ಎಕ್ಸ್ ಸ್ಕ್ವೇರ್ ಇದ್ದರೆ ಎಕ್ಸ್ ಕ್ಯೂಬ್ ಬೈ ಮೂರು. ಉತ್ತರ ಬಂದ ಕೂಡಲೇ ಅದನ್ನು ಡಿಫರೆನ್ಷಿಯೇಟ್ ಮಾಡಿ ನೋಡಿ. ಕೊಟ್ಟದ್ದೇ ವಾಪಸ್ ಬಂದರೆ ಸರಿ.

ಬದಿಯಡ್ಕದ ಕಡೆಯ ಒಬ್ಬ ಹುಡುಗ ನಮ್ಮ ಮನೆಗೆ ಪಾಠಕ್ಕೆ ಬರುತ್ತಿದ್ದ. ಚುರುಕು ಹುಡುಗ, ಪುಟಗಟ್ಟಲೆ ಲೆಕ್ಕ ಮಾಡುತ್ತಿದ್ದ, ಆದರೆ ಪ್ರತಿ ಲೆಕ್ಕ ಮುಗಿದ ಕೂಡಲೇ "ಸರ್, ಇದು ಸರಿಯಾ?" ಅಂತ ನನ್ನ ಮುಖ ನೋಡುತ್ತಿದ್ದ. ಒಂದು ಸಂಜೆ ಆರು ಎಕ್ಸ್ ಸ್ಕ್ವೇರ್ ಮೈನಸ್ ನಾಲ್ಕು ಎಕ್ಸ್ ಪ್ಲಸ್ ಐದು ಕೊಟ್ಟೆ. ಎರಡು ಎಕ್ಸ್ ಕ್ಯೂಬ್ ಮೈನಸ್ ನಾಲ್ಕು ಎಕ್ಸ್ ಸ್ಕ್ವೇರ್ ಪ್ಲಸ್ ಐದು ಎಕ್ಸ್ ಪ್ಲಸ್ ಸಿ ಅಂತ ಬರೆದು ಮತ್ತೆ ಅದೇ ಪ್ರಶ್ನೆ. "ನನ್ನನ್ನು ಕೇಳಬೇಡ ಮಾರಾಯ, ಡಿಫರೆನ್ಷಿಯೇಟ್ ಮಾಡು" ಅಂದೆ. ಮಾಡಿದ. ನಡುವೆ ಮೈನಸ್ ಎಂಟು ಎಕ್ಸ್ ಬಂತು, ಕೊಟ್ಟದ್ದು ಮೈನಸ್ ನಾಲ್ಕು. ಸ್ವಲ್ಪ ಹೊತ್ತು ನೋಡಿ, "ಎರಡರಿಂದ ಭಾಗಿಸಲಿಲ್ಲ ಸರ್" ಅಂದ. ತಾನೇ ತಿದ್ದಿ ಎರಡು ಎಕ್ಸ್ ಸ್ಕ್ವೇರ್ ಮಾಡಿದ. ಆಮೇಲೆ ಅವನು ನನ್ನ ಮುಖ ನೋಡಲಿಲ್ಲ, ಪುಸ್ತಕದ ಹಿಂದಿನ ಉತ್ತರವನ್ನೂ ನೋಡಲಿಲ್ಲ. ನನಗೆ ಎಷ್ಟು ಖುಷಿ ಆಯಿತು ಗೊತ್ತಾ!

ಸಿ ಯಾಕೆ ಬೇಕು ಅಂತಲೂ ಹೀಗೆ ತಿರುಗಿಸಿದರೆ ತಿಳಿಯುತ್ತದೆ. ಕೊನೆಗೆ ಏಳು ಇರಲಿ, ನೂರು ಇರಲಿ, ಡಿಫರೆನ್ಷಿಯೇಟ್ ಮಾಡಿದರೆ ಅದು ಸೊನ್ನೆ. ಹಿಂದಕ್ಕೆ ಬರುವಾಗ ಯಾವ ಸಂಖ್ಯೆ ಇತ್ತು ಅಂತ ಗೊತ್ತಾಗುವುದಿಲ್ಲ, ಅದರ ಜಾಗಕ್ಕೇ ಸಿ. ದಯವಿಟ್ಟು ಸಿ ಬಿಡಬೇಡಿ, ಸುಮ್ನೆ ಮಾರ್ಕು ಹೋಗುತ್ತದೆ. ಬ್ರಾಕೆಟ್ ಗುಣಾಕಾರ ಇದ್ದರೆ ಮೊದಲು ಬಿಡಿಸಿ, ಬೇರೆಬೇರೆ ಇಂಟಿಗ್ರೇಟ್ ಮಾಡಿ ಗುಣಿಸಬೇಡಿ.

ಇದು ದೂರದ ವಿದ್ಯೆ ಅಲ್ಲ. ಸುಮಾರು 1530ರಲ್ಲಿ, ನ್ಯೂಟನ್ ಹುಟ್ಟುವ ಮೊದಲೇ, ಇದೇ ಕೇರಳದ ಜ್ಯೇಷ್ಠದೇವರು ಮಲಯಾಳದಲ್ಲಿ 'ಯುಕ್ತಿಭಾಷಾ' ಎಂಬ ಗಣಿತದ ಪುಸ್ತಕ ಬರೆದರು. ಒಂದರಿಂದ ಬಹಳ ದೊಡ್ಡ ಸಂಖ್ಯೆಯವರೆಗಿನ ವರ್ಗಗಳನ್ನು ಕೂಡಿಸಿದರೆ ಹೆಚ್ಚುಕಡಿಮೆ ಕೊನೆಯ ಸಂಖ್ಯೆಯ ಘನದ ಮೂರನೇ ಒಂದು ಪಾಲು ಅಂತ ಅದರಲ್ಲಿ ಕಾರಣ ಸಮೇತ ಇದೆ. ನಮ್ಮ 'ಬೈ ಮೂರು' ಅದೇ!

ಸಮಯ ಆಯಿತು. ನಾಲ್ಕು ಎಕ್ಸ್ ಕ್ಯೂಬ್ ಮೈನಸ್ ಆರು ಎಕ್ಸ್ ಪ್ಲಸ್ ಒಂದು, ಬರೆದುಕೊಳ್ಳಿ. ಇಂಟಿಗ್ರೇಟ್ ಮಾಡಿ, ಆಮೇಲೆ ತಿರುಗಿಸಿ ನೋಡಿ. ಉತ್ತರ ನಾನು ಹೇಳುವ ಅಗತ್ಯ ಇಲ್ಲ. ನಮಸ್ಕಾರ.