ಮಂಗಳೂರಿನ ವಿಮಾನಕ್ಕೆ ಘಾಟಿ ಶುರುವಾಗೋದು ಚನ್ನರಾಯಪಟ್ಟಣದಲ್ಲಿ!

ನಮಸ್ಕಾರ, ಹಾಸನದಿಂದ. ಹೋದ ವಿಡಿಯೋ ನೋಡಿದ ಒಬ್ಬರು ಕೇಳಿದ್ದರು: "ಅಣ್ಣಾ, ಬೆಂಗಳೂರಿನಿಂದ ಮಂಗಳೂರಿಗೆ ಆಕಾಶದಲ್ಲಿ 300 ಕಿ.ಮೀ. ಚಿಲ್ಲರೆ. ಜೆಟ್ ವಿಮಾನ ಗಂಟೆಗೆ 800 ಕಿ.ಮೀ. ಹೋಗುತ್ತೆ. 23 ನಿಮಿಷ ಸಾಕಲ್ವಾ? ಟಿಕೆಟ್‌ನಲ್ಲಿ ಒಂದು ಗಂಟೆಗೂ ಜಾಸ್ತಿ ಯಾಕೆ?"

ಲೆಕ್ಕ ಸರಿ ಇದೆ. ವಿಮಾನ ಹಾಗೆ ಹೋಗಲ್ಲ, ಅಷ್ಟೆ.

[ಪರದೆಯಲ್ಲಿ: ನಕ್ಷೆ, ದೇವನಹಳ್ಳಿಯಿಂದ ಬಜ್ಪೆಗೆ ಗೆರೆ]

ನೇರ ಗೆರೆ ಎಳೆದರೆ ಸುಮಾರು 305 ಕಿ.ಮೀ. ಎಲ್ಲಾದರೂ 165 ಅಂತ ಕಂಡರೆ ಗಾಬರಿ ಬೇಡ, ಅದು ನಾಟಿಕಲ್ ಮೈಲಿ. ಒಂದು ನಾಟಿಕಲ್ ಮೈಲಿ ಅಂದ್ರೆ 1.852 ಕಿ.ಮೀ. ಮುಂದಕ್ಕೆ ಹೋಗೋಣ.

ಶಿರಾಡಿಯಲ್ಲಿ ಬಸ್ ಇಳಿಯುವುದನ್ನು ನೋಡಿದ್ದೀರಲ್ವಾ? ಸಕಲೇಶಪುರ ದಾಟಿ ದೋಣಿಗಾಲ್ ಬಂತು ಅಂದ್ರೆ ಡ್ರೈವರ್ ಗೇರ್ ಇಳಿಸ್ತಾರೆ. ಕಿಟಕಿ ಪಕ್ಕದವರು ನಿಂಬೆಹಣ್ಣು ಹುಡುಕ್ತಾರೆ. ವಿಮಾನಕ್ಕೂ ಇಂಥದ್ದೇ ಒಂದು ಘಾಟಿ ಇದೆ, ಆದರೆ ಎಷ್ಟು ಉದ್ದ ಗೊತ್ತಾ? ಪೈಲಟ್‌ಗಳದ್ದು ಒಂದು ಬಾಯಿಲೆಕ್ಕ: ಸಾವಿರ ಅಡಿ ಇಳಿಯೋಕೆ ಮೂರು ನಾಟಿಕಲ್ ಮೈಲಿ ಬೇಕು. 30,000 ಅಡಿಯಲ್ಲಿದ್ದರೆ 90 ಮೈಲಿ, ಅಂದ್ರೆ 167 ಕಿ.ಮೀ. ಬಜ್ಪೆಯಿಂದ ಹಿಂದಕ್ಕೆ ಅಳೆಯಿರಿ. ಗುಂಡ್ಯ ಅಲ್ಲ, ಸಕಲೇಶಪುರ ಅಲ್ಲ, ನಮ್ಮ ಹಾಸನವೂ ಅಲ್ಲ. ಚನ್ನರಾಯಪಟ್ಟಣದ ಹತ್ತಿರ! ಅಲ್ಲಿ ಇಳಿಜಾರು ಶುರು. ನಮ್ಮ ತಲೆ ಮೇಲೆ ಬರುವಾಗ ಅದು ಆಗಲೇ ಅರ್ಧ ಮಂಗಳೂರಿನದ್ದು.

ಇನ್ನು ಉಳಿದಿದ್ದು 140 ಕಿ.ಮೀ. ಅಷ್ಟು ಎತ್ತರಕ್ಕೆ ಹತ್ತೋಕೇ ಹೆಚ್ಚುಕಮ್ಮಿ ಅದು ಖರ್ಚು. ಹತ್ತಿದ್ದೇ ತಡ, ಇಳಿಯಬೇಕು. ಆ 800ರ ವೇಗದಲ್ಲಿ ಆರಾಮಾಗಿ ಓಡೋಕೆ ಜಾಗವೇ ಇಲ್ಲ. ನಾನು ಹೋದಾಗ ಕಾಫಿ ಲೋಟ ಕೈಗೆ ಬಂದು ಎರಡು ಗುಟುಕು ಆಗಿತ್ತು, "ಲೋಟ ಕೊಡಿ ಸಾರ್" ಅಂತ ವಾಪಸ್ ಇಸ್ಕೊಂಡರು. ಮಲೆನಾಡಿನವನಿಗೆ ಹೀಗೆ ಮಾಡಬಾರದು.

ಟೈಮ್ ಆಯ್ತು, ಉಳಿದದ್ದು ಒಟ್ಟಿಗೆ ಹೇಳಿಬಿಡ್ತೀನಿ. 10,000 ಅಡಿಗಿಂತ ಕೆಳಗೆ ಸಾಮಾನ್ಯವಾಗಿ 250 ನಾಟ್ ಮಿತಿ, ಅಂದ್ರೆ ಗಂಟೆಗೆ 463 ಕಿ.ಮೀ. ಗಾಳಿ ತಿರುಗಿದರೆ ರನ್‌ವೇಯ ಇನ್ನೊಂದು ತುದಿಗೆ ಸುತ್ತಿ ಬರಬೇಕು. ಟಿಕೆಟ್‌ನ ಸಮಯದಲ್ಲಿ ನೆಲದ ಮೇಲೆ ತೆವಳುವುದೂ ಸೇರಿರುತ್ತೆ: ನಿಂತ ಜಾಗ ಬಿಟ್ಟಾಗಿನಿಂದ ಮತ್ತೆ ನಿಲ್ಲುವವರೆಗೆ. ಅದಕ್ಕೇ ಗಂಟೆಗೆ 500 ಕಿ.ಮೀ. ಹೋಗುವ ಫ್ಯಾನಿನ ಎಟಿಆರ್ ವಿಮಾನವೂ ಈ ದಾರಿಯಲ್ಲಿ ಜೆಟ್‌ಗಿಂತ ತುಂಬಾ ಹಿಂದೆ ಬೀಳಲ್ಲ.

ಹಾಸನದವರು ಮಂಗಳೂರಿಗೆ ಹಾರಬೇಕಂದ್ರೆ ಮೊದಲು ಉಲ್ಟಾ ದೇವನಹಳ್ಳಿಗೆ ಹೋಗಿ, ಆಮೇಲೆ ಸ್ವಂತ ಮನೆ ಮೇಲೇ ಹಾದುಹೋಗಬೇಕು. ಹೋಗೋದಾದ್ರೆ ಎಡಗಡೆ ಕಿಟಕಿ ಕೇಳಿ. ವಿಮಾನ ನೇರ ಗೆರೆ ಹಿಡಿದು, ಮೋಡ ಇಲ್ಲದಿದ್ದರೆ, ಊರು ಆ ಕಡೆಗೇ ಬರುತ್ತೆ. ಅದರಾಚೆ ಗೊರೂರಿನ ಹೇಮಾವತಿ ಹಿನ್ನೀರು. ಕಾಫಿ ಬೇಗ ಕುಡಿದುಬಿಡಿ.