ನಮ್ಮ ಕರಿ ಇಂಜಿನ್ನಿಗೊಂದು ಪುಟ್ಟ ಮಾದರಿ

ಕೇಳುಗರೇ, ನಮಸ್ಕಾರ.

ಹಾಸನದಿಂದ ಅರಸೀಕೆರೆ ಕಡೆಗೆ, ಮೈಸೂರು ಕಡೆಗೆ ಮೀಟರ್ ಗೇಜ್ ಗಾಡಿ ಹತ್ತಿ ಕಣ್ಣಿಗೆ ಕಲ್ಲಿದ್ದಲ ಪುಡಿ ಬೀಳಿಸಿಕೊಂಡವರು ನಮ್ಮೂರಲ್ಲಿ ಇನ್ನೂ ಇದ್ದಾರೆ. ಆದರೆ ಅಂಥ ಉಗಿ ಇಂಜಿನ್ನಿನ ಪುಟ್ಟ ಮಾದರಿ ಕೊಳ್ಳೋಣ ಅಂದರೆ ಸುಲಭವಾಗಿ ಸಿಗುವುದು ಇಂಗ್ಲೆಂಡಿನ ಫ್ಲೈಯಿಂಗ್ ಸ್ಕಾಟ್ಸ್‌ಮನ್. 1923ರಲ್ಲಿ ತಯಾರಾದದ್ದು, 1934ರಲ್ಲಿ ಗಂಟೆಗೆ 100 ಮೈಲಿ ಮುಟ್ಟಿದ್ದು. ಚೆಂದದ ಇಂಜಿನ್ನೇ, ಬೇಡ ಅನ್ನೋದಿಲ್ಲ. ಆದರೆ ದೇಶದ ತುಂಬ ಮೀಟರ್ ಗೇಜ್ ಪ್ಯಾಸೆಂಜರ್ ಎಳೆದ ವೈಪಿ ಇಂಜಿನ್ನಿನ ಗಾಲಿ ಜೋಡಣೆಯೂ ಅದೇ ಅಲ್ವಾ? ಮುಂದೆ ನಾಲ್ಕು ಚಿಕ್ಕವು, ನಡುವೆ ಆರು ದೊಡ್ಡವು, ಹಿಂದೆ ಎರಡು.

ಹಾಗಾದರೆ ವೈಪಿಯನ್ನು ನಾವೇ ಮಾಡೋಣ. 87ನೇ ಒಂದು ಪಾಲಿನ ಅಳತೆ ಹಿಡಿಯಿರಿ. 1372 ಮಿಲಿಮೀಟರಿನ ದೊಡ್ಡ ಗಾಲಿ 16 ಮಿಲಿಮೀಟರಿಗೆ ಇಳಿಯುತ್ತದೆ. ಒಂದು ಮೀಟರ್ ಅಗಲದ ಹಳಿ ಹನ್ನೊಂದೂವರೆ ಮಿಲಿಮೀಟರ್ ಆಗುತ್ತದೆ. ಇದಕ್ಕೆ 12 ಮಿಲಿಮೀಟರಿನ ಹಳಿ ಬೇಕು. ಮಾದರಿ ರೈಲುಗಳ ಮಾಮೂಲಿ 16.5 ಮಿಲಿಮೀಟರಿನ ಹಳಿಯ ಮೇಲೆ ಕೂರಿಸಿದರೆ ಅದು ಮೀಟರ್ ಗೇಜೇ ಅಲ್ಲ. ಇಂಥ ಸುಳ್ಳನ್ನು ಬ್ರಿಟಿಷರೂ ಹೇಳಿದ್ದಾರೆ. ಅವರ ಇಂಜಿನ್ನುಗಳ ಮೈ ಸಣ್ಣದು, ಆಗಿನ ಮೋಟರು ಒಳಗೆ ಹಿಡಿಸಲಿಲ್ಲ. ಮೈಯನ್ನು 76ನೇ ಒಂದು ಪಾಲಿಗೆ ಹಿಗ್ಗಿಸಿದರು, ಹಳಿಯನ್ನು 16.5ರಲ್ಲೇ ಬಿಟ್ಟರು. ಇವತ್ತಿಗೂ ಅದೇ ನಡೀತಿದೆ.

ಕರೆಂಟಿನ ಮಾದರಿಯಲ್ಲಿ ಹೊಗೆ ಬರೋದು ಎಣ್ಣೆ ಕಾಯಿಸಿ, ಸದ್ದು ಸ್ಪೀಕರಿನಿಂದ. ಸದ್ದಾದರೂ ಸರಿಯಿರಲಿ. ಎರಡು ಸಿಲಿಂಡರಿನ ಇಂಜಿನ್ನಿನಲ್ಲಿ ದೊಡ್ಡ ಗಾಲಿ ಒಂದು ಸುತ್ತು ಬಂದರೆ ನಾಲ್ಕು ಸಲ 'ಭುಸ್'. ಕೆಲಸ ಮುಗಿಸಿದ ಉಗಿ ಚಿಮಣಿಯಿಂದ ನುಗ್ಗುವ ಸದ್ದು ಅದು. ಹಾಗೆ ನುಗ್ಗುವಾಗ ಬೆಂಕಿಗೆ ಗಾಳಿಯನ್ನೂ ಎಳೆದುಕೊಳ್ಳುತ್ತದೆ.

ನಿಜವಾದ ಉಗಿಯಿಂದಲೇ ಓಡಿಸುವವರೂ ಇದ್ದಾರೆ. ಕಷ್ಟ ಇರೋದು ಅಲ್ಲೇ. ಅಳತೆಯನ್ನು ಹತ್ತನೇ ಒಂದಕ್ಕೆ ಇಳಿಸಿದರೆ ಬಾಯ್ಲರಿನ ಹೊರಮೈ ನೂರನೇ ಒಂದಾಗುತ್ತದೆ, ಒಳಗಿನ ನೀರು ಸಾವಿರದಲ್ಲಿ ಒಂದಾಗುತ್ತದೆ. ನೀರಿನ ಲೆಕ್ಕಕ್ಕೆ ಹೊರಮೈ ಜಾಸ್ತಿ, ಹಾಗಾಗಿ ಬೇಗ ತಣ್ಣಗಾಗುತ್ತದೆ. ಬೆಂಕಿಯ ಬಿಸಿ ಹೊಗೆ ಹಾಯುವ ಬಾಯ್ಲರಿನ ಕೊಳವೆಗಳನ್ನೂ ಅದೇ ಲೆಕ್ಕದಲ್ಲಿ ಸಣ್ಣ ಮಾಡಿದರೆ ಬೆಂಕಿಯೇ ಉಸಿರಾಡುವುದಿಲ್ಲ. ಅದಕ್ಕೇ ಬಲ್ಲವರು ಕೊಳವೆಗಳನ್ನು ಕಡಿಮೆ ಹಾಕುತ್ತಾರೆ, ದಪ್ಪ ಹಾಕುತ್ತಾರೆ. ಹೊರಗೆ ಪಕ್ಕಾ ನಕಲು, ಒಳಗೆ ಬೇರೆಯದೇ ಇಂಜಿನ್. ನನಗೆ ಇದರಲ್ಲಿ ಮೋಸ ಕಾಣುವುದಿಲ್ಲ.

ಒಂದು ಎಚ್ಚರಿಕೆ. ನಿಮ್ಮ ಅಡುಗೆಮನೆಯ ಕುಕ್ಕರಿನ ಒತ್ತಡ ಚದರ ಇಂಚಿಗೆ ಸುಮಾರು 15 ಪೌಂಡು. ಇಂಥ ಮಾದರಿ ಬಾಯ್ಲರಿನಲ್ಲಿ 80ರ ಮೇಲೂ ಇರಬಹುದು. ಹೊಸ ಬಾಯ್ಲರನ್ನು ತಣ್ಣೀರು ತುಂಬಿಸಿ, ಓಡುವಾಗಿನ ಎರಡರಷ್ಟು ಒತ್ತಡ ಕೊಟ್ಟು ಪರೀಕ್ಷೆ ಮಾಡಿದ ಮೇಲೆಯೇ ಬೆಂಕಿ ಹಾಕಬೇಕು. ಮೊದಲ ಸಲದವರು ಇದರ ತಂಟೆಗೆ ಹೋಗಬೇಡಿ. ರಟ್ಟಿನಲ್ಲಿ ಶುರು ಮಾಡಿ.

ಮೈಸೂರಿನ ರೈಲ್ವೆ ಮ್ಯೂಸಿಯಮ್ಮಿಗೆ ಹೋದರೆ ಹಳೆಯ ಇಂಜಿನ್ನುಗಳ ಮುಂದೆ ಸುಮ್ನೆ ಸೆಲ್ಫಿ ತೆಗೆದು ಬರಬೇಡಿ. ಪಕ್ಕದಿಂದ ನೇರವಾಗಿ ಫೋಟೋ ತೆಗೆಯಿರಿ. ಮನೆಯಲ್ಲಿ ಇಂಜಿನ್ನಿಗೆ ಕಲ್ಲಿದ್ದಲು ಹಾಕುವ ಫೈರ್‌ಮನ್ ಆಗಿದ್ದ ತಾತ ಇದ್ದರೆ, ಕ್ಯಾಬಿನ್ನಿನ ಒಳಗೆ ಯಾವ ಹಿಡಿ ಎಲ್ಲಿತ್ತು, ಏನು ಬಣ್ಣ ಇತ್ತು ಅಂತ ಕೇಳಿ ಬರೆದುಕೊಳ್ಳಿ. ಫೋಟೋದಲ್ಲಿ ಅದು ಕಾಣುವುದಿಲ್ಲ.

ನಮಸ್ಕಾರ.