366ನೇ ದಿನ

ಕೇಳುಗರೆಲ್ಲರಿಗೂ ನಮಸ್ಕಾರ.

ಪ್ರೋಗ್ರಾಮಿಂಗ್ ಕಲಿಯಲು ಕೂತವರಿಗೆ ಇಫ್, ಎಲ್ಸ್, ವೈಲ್ ಬೇಗ ಬಾಯಿಪಾಠವಾಗುತ್ತವೆ. ಇಫ್ ಬಂದರೆ ಕಂಪ್ಯೂಟರ್ ಒಂದು ಷರತ್ತು ನೋಡುತ್ತದೆ. ನಿಜವಾದರೆ ಒಂದು ದಾರಿ, ಇಲ್ಲದಿದ್ದರೆ ಎಲ್ಸ್‌ನ ದಾರಿ. ವೈಲ್ ಬಂದರೆ ಷರತ್ತು ನಿಜವಾಗಿರುವ ತನಕ ಅದೇ ಸಾಲುಗಳನ್ನು ಮತ್ತೆ ಮತ್ತೆ ಮಾಡುತ್ತದೆ. ಇಷ್ಟೇನಾ ಅನಿಸುತ್ತದೆ, ಅಲ್ವಾ? ಇಷ್ಟರಲ್ಲೇ ದೊಡ್ಡ ಕಂಪನಿಯ ಯಂತ್ರಗಳು ಸಾಲುಸಾಲಾಗಿ ನಿಂತುಹೋದ ಕಥೆಯೊಂದಿದೆ.

2008ರ ಡಿಸೆಂಬರ್ 31. ಮೈಕ್ರೋಸಾಫ್ಟ್‌ನವರ ಝೂನ್ ಅಂತ ಹಾಡು ಕೇಳುವ ಪುಟ್ಟ ಸಾಧನವಿತ್ತು. ಅದರ 30 ಜಿಬಿ ಮಾದರಿ ಅವತ್ತು ಆನ್ ಮಾಡಿದ ಕಡೆಯೆಲ್ಲ ಅಲ್ಲೇ ಸ್ತಬ್ಧ. ಬ್ಯಾಟರಿ ಪೂರ್ತಿ ಖಾಲಿಯಾಗಲಿ, ನಾಳೆ ಚಾರ್ಜ್ ಮಾಡಿ ಎಂದು ಕಂಪನಿ ಹೇಳಿತು. ಮಾರನೇ ದಿನ ಸರಿಹೋಯಿತು.

ಆಗಿದ್ದೇನು ಅಂದರೆ, ಅದರೊಳಗಿನ ಗಡಿಯಾರ 1980ರ ಜನವರಿ 1ರಿಂದ ಎಷ್ಟು ದಿನವಾಯಿತು ಎಂದು ಎಣಿಸುತ್ತಿತ್ತು. ಆ ಲೆಕ್ಕದಿಂದ ಈಗ ಯಾವ ವರ್ಷ ಎಂದು ತಿಳಿಯಬೇಕು. ಅದಕ್ಕೊಂದು ವೈಲ್ ಲೂಪ್, ಅಂದರೆ ಸುತ್ತುತ್ತಲೇ ಇರುವ ಸಾಲುಗಳು. ವರ್ಷ 1980 ಎಂದು ಇಟ್ಟುಕೊಂಡು ಶುರು. ದಿನಗಳು 365ಕ್ಕಿಂತ ಜಾಸ್ತಿ ಇರುವ ತನಕ ಸುತ್ತು. ಆ ವರ್ಷ ಅಧಿಕ ವರ್ಷವಲ್ಲದಿದ್ದರೆ 365 ಕಳೆದು ವರ್ಷಕ್ಕೆ ಒಂದು ಕೂಡಿಸು. ಅಧಿಕ ವರ್ಷವಾದರೆ, ದಿನಗಳು 366ಕ್ಕಿಂತ ಜಾಸ್ತಿಯಾ ನೋಡು. ಹೌದಾದರೆ 366 ಕಳೆದು ವರ್ಷಕ್ಕೆ ಒಂದು ಕೂಡಿಸು.

ಕೇಳಲು ಸರಿಯಾಗೇ ಇದೆ. ಈಗ ಒಂದು ಪೆನ್ನು ತಗೊಳ್ಳಿ. ಕಳೆಯುತ್ತಾ ಕಳೆಯುತ್ತಾ 2008ಕ್ಕೆ ಬಂದೆವು. ಅವತ್ತು ವರ್ಷದ ಕೊನೆಯ ದಿನ, ಉಳಿದದ್ದು 366. 365ಕ್ಕಿಂತ ಜಾಸ್ತಿಯಾ? ಹೌದು, ಒಳಗೆ ಹೋಗು. ಅಧಿಕ ವರ್ಷವಾ? ಹೌದು. 366ಕ್ಕಿಂತ ಜಾಸ್ತಿಯಾ? ಅಲ್ಲ. ಹಾಗಾದರೆ ಏನು ಮಾಡಬೇಕು? ಯಾರೂ ಹೇಳಿಲ್ಲ. ಆ ಒಳಗಿನ ಇಫ್‌ಗೆ ಎಲ್ಸ್ ಬರೆದೇ ಇಲ್ಲ. ಏನನ್ನೂ ಕಳೆಯದೆ ಲೂಪ್‌ನ ತಲೆಗೆ ವಾಪಸ್. ಅಲ್ಲಿ ಮತ್ತೆ ಅದೇ 366, ಅದೇ ಪ್ರಶ್ನೆ, ಅದೇ ಉತ್ತರ. ಬ್ಯಾಟರಿ ಸಾಯುವ ತನಕ.

ಹಿಂದಿನ ದಿನ ಉಳಿಯುತ್ತಿದ್ದದ್ದು 365, ಲೂಪ್ ನಿಲ್ಲುತ್ತಿತ್ತು. ಮಾರನೇ ದಿನ 367, ಅದರಲ್ಲಿ 366 ಹೋದರೆ ಒಂದು, ಆಗಲೂ ನಿಲ್ಲುತ್ತದೆ. ಅಧಿಕ ವರ್ಷದ ಕೊನೆಯ ದಿನ ಮಾತ್ರ ಪೇಚಾಟ. ಝೂನ್ ಮಾರುಕಟ್ಟೆಗೆ ಬಂದದ್ದು 2006ರಲ್ಲಿ. ಅಂಥ ದಿನ ಅದರ ಪಾಲಿಗೆ ಬಂದದ್ದೇ ಅವತ್ತು ಮೊದಲು!

ನನ್ನ ಪ್ರಕಾರ, ಹೊಸದಾಗಿ ಕಲಿಯುವವರಿಗೆ ಎಲ್ಲಿ ಆವರಣ, ಎಲ್ಲಿ ಕೋಲನ್ ಎಂಬ ಪಾಠ ಆಮೇಲೆ ಸಾಕು. ಅದು ತಪ್ಪಿದರೆ ಕಂಪ್ಯೂಟರೇ ಬೈದು ಹೇಳುತ್ತದೆ. ಇಂಥ ಲೂಪ್ ತಪ್ಪಿದರೆ ಅದು ತುಟಿ ಪಿಟಕ್ ಅನ್ನುವುದಿಲ್ಲ. ಅದಕ್ಕೇ ಕಾಗದದ ಮೇಲೆ ಎರಡು ಕಾಲಂ ಎಳೆಯಿರಿ, ದಿನ ಒಂದರಲ್ಲಿ, ವರ್ಷ ಇನ್ನೊಂದರಲ್ಲಿ. ಒಂದೊಂದು ಸುತ್ತಿಗೂ ಅವುಗಳ ಆಗಿನ ಸಂಖ್ಯೆ ಬರೆಯಿರಿ. ಒಂದು ಸುತ್ತಿನಲ್ಲಿ ಎರಡೂ ಬದಲಾಗದಿದ್ದರೆ ಸಿಕ್ಕಿಬಿದ್ದಿರಿ ಅಂತಲೇ ಅರ್ಥ. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಂತೂ ಕಳೆಯುವ ಸಾಲಿನ ಮುಂದೆ ಜಾಗ ಬಿಡದಿದ್ದರೆ ಅದು ಲೂಪ್‌ನಿಂದ ಆಚೆ ಬೀಳಬಹುದು. ಆಗಲೂ ಇದೇ ಕಥೆ.

ಬೇಕಿದ್ದರೆ ನೀವೇ ಬರೆದು ನೋಡಿ. 1980 ಕೂಡ ಅಧಿಕ ವರ್ಷವೇ, ಹಾಗಾಗಿ ದಿನಗಳಿಗೆ ಸುಮ್ನೆ 366 ಕೊಟ್ಟರೆ ಸಾಕು, ಮೊದಲ ಸುತ್ತಿನಲ್ಲೇ ಸಿಕ್ಕಿಕೊಳ್ಳುತ್ತದೆ. ಕಂಟ್ರೋಲ್ ಮತ್ತು ಸಿ ಕೀಲಿ ಒಟ್ಟಿಗೆ ಒತ್ತಿ ನಿಲ್ಲಿಸಿ. ಆಮೇಲೆ ಒಳಗಿನ ಇಫ್‌ಗೆ ಒಂದು ಎಲ್ಸ್ ಸೇರಿಸಿ, ಅದರಲ್ಲಿ ಬ್ರೇಕ್ ಅಂತ ಬರೆಯಿರಿ, ಅಂದರೆ ಲೂಪ್ ಬಿಟ್ಟು ಹೊರಗೆ ಬಾ ಅಂತ. 365, 366, 367 ಮೂರನ್ನೂ ಕೊಟ್ಟು ನೋಡಿ. ನಮಸ್ಕಾರ.